ಬಟನ್ ಮೇಲಿನ ಟವೆಲ್

ಪ್ರೆಸ್ಸಿನ ಮಾಲೀಕರು ಹಸಿರು ಬಟನ್ ಒತ್ತಿದಾಗ ಹುಸೇನಸಾಬರ ಬಲಗೈ ಇನ್ನೂ ಮಷಿನ್ನಿನ ಒಳಗೇ ಇತ್ತು.

ಬ್ಯಾಡಗಿಯಲ್ಲಿ ನಮ್ಮ ಖಾರದಪುಡಿ ಪೊಟ್ಟಣದ ಲೇಬಲ್ ಅಚ್ಚಾಗುತ್ತಿತ್ತು, ನಾನು ಮಷಿನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಚಿತ್ರದ ಮೆಣಸಿನಕಾಯಿಗೆ ನೆರಳು ಬಿದ್ದು ಪ್ರತಿ ಹಾಳೆಯಲ್ಲೂ ಜೋಡಿಯಾಗಿ ಕಾಣುತ್ತಿತ್ತು. ಸಿಲಿಂಡರಿಗೆ ಸುತ್ತಿದ ರಬ್ಬರ್ ಸಡಿಲಾಗಿರಬೇಕೆಂದು ಮಷಿನ್ ನಡೆಸುವ ಹುಸೇನಸಾಬರು ಅದನ್ನು ನಿಲ್ಲಿಸಿ, ಬಟನ್ ಮೇಲೆ ತಮ್ಮ ಟವೆಲ್ ಹಾಕಿ, ರಬ್ಬರನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಟವೆಲ್ ಇದ್ದರೆ ಯಾರೂ ಬಟನ್ ಮುಟ್ಟಬಾರದು ಎಂಬುದು ಅಲ್ಲಿಯ ಪದ್ಧತಿ. ಆದರೆ ಅದು ಸುಗ್ಗಿಯ ಕಾಲ, ಗಾಳಿಯಲ್ಲೆಲ್ಲ ಮೆಣಸಿನ ಘಾಟು. ಮಾಲೀಕರಿಗೆ ಸೀನಿನ ಮೇಲೆ ಸೀನು ಬಂತು. ಕೈಗೆ ಸಿಕ್ಕ ಆ ಟವೆಲ್ಲನ್ನೇ ಎಳೆದು ಮೂಗು ಒರೆಸಿಕೊಂಡರು. ಕಣ್ಣು ಬಿಟ್ಟಾಗ ಬಟನ್ ಬರಿದಾಗಿ ಕಂಡಿತು, ಒತ್ತಿಬಿಟ್ಟರು.

ನಾನು ಕೂಗುವಷ್ಟರಲ್ಲಿ ಹುಸೇನಸಾಬರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಹೋದದ್ದು ಅಂಗಿ ತೋಳಿನ ಗುಂಡಿ ಮಾತ್ರ.

ಮಷಿನ್ ನಿಂತ ಮೇಲೆ ಅವರು, "ಸೀನಿದವ್ರು ನೀವು, ಬೆರಳು ಹೋಗ್ತಿದ್ದದ್ದು ನಂದ ನೋಡ್ರಿ ಮಾಲಕ್ರ" ಎಂದರು. ಮಾಲೀಕರು ಟವೆಲ್ಲನ್ನು ಮತ್ತೆ ಬಟನ್ ಮೇಲೆ ಹಾಕಿದರು. ಹುಸೇನಸಾಬರು ಅದೇ ಕೈಯನ್ನು ಮತ್ತೆ ಒಳಗಿಟ್ಟು ರಬ್ಬರ್ ಬಿಗಿ ಮಾಡಿದರು. ಅಷ್ಟು ಹೊತ್ತೂ ನಾನು ಬಟನ್‌ಗೆ ಅಡ್ಡವಾಗಿ ನಿಂತಿದ್ದೆ.

ಲೇಬಲ್ ಚೆನ್ನಾಗಿಯೇ ಬಂತು, ಮೆಣಸಿನಕಾಯಿ ಈಗ ಒಂದೇ ಇದೆ. ಆದರೆ ಸುಗ್ಗಿಯಲ್ಲಿ ಬ್ಯಾಡಗಿಯ ಯಾವ ಓಣಿಗೆ ಹೋದರೂ ಯಾರಾದರೊಬ್ಬರು ಸೀನುತ್ತಲೇ ಇರುತ್ತಾರೆ. ಯಾರು ಸೀನಿದರೂ ನನ್ನ ಕಣ್ಣು ಮೊದಲು ಅವರ ಕೈ ಎಲ್ಲಿಗೆ ಹೋಯಿತೆಂದು ನೋಡುತ್ತದೆ.