ಜೋಡಿಮೂಟೆಯ ಬೆನ್ನು

ಗೋದಾಮಿನ ಸಾಹುಕಾರ ಜೋಡಿಮೂಟೆಗೆ ಕೊಡಬೇಕಾದ ಎರಡು ತಿಂಗಳ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ಒಂದೇ ಸಲಕ್ಕೆ ಎರಡು ಮೂಟೆ ಹೊರುವ ಈ ಹಮಾಲಿಗೆ ಆ ಹೆಸರೇ ಅಂಟಿಕೊಂಡಿತ್ತು. ಅವನು ದನಿ ಏರಿಸಿ ಕೂಲಿ ಕೇಳಿದ್ದಕ್ಕೆ ಸಾಹುಕಾರ ಪೊಲೀಸರನ್ನು ಕರೆಸಿದ. ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಬೆನ್ನೆಲ್ಲ ಬಾಸುಂಡೆ ಏಳುವಂತೆ ಬಾರಿಸಿ ಬಿಟ್ಟು ಕಳಿಸಿದ.

ಮರುದಿನ ವರದಿಗಾರನೊಬ್ಬ ಮನೆಗೆ ಬಂದು, ಲೊಚಗುಟ್ಟುತ್ತಾ ಆ ಬೆನ್ನಿನ ಫೋಟೋ ತೆಗೆದುಕೊಂಡು ಹೋದ. ಬೆಳಗಾದರೆ ಪತ್ರಿಕೆಯಲ್ಲಿ ಅದೇ ಫೋಟೋ, ಮೇಲೆ ದಪ್ಪಕ್ಷರದಲ್ಲಿ ‘ಗೋದಾಮು ಕಳ್ಳನಿಗೆ ಸಾರ್ವಜನಿಕರಿಂದ ಗೂಸಾ’.

ಜೋಡಿಮೂಟೆಯ ಹೆಂಡತಿ ಪತ್ರಿಕೆಯ ಕಚೇರಿಗೇ ನುಗ್ಗಿದಳು. ಪಕ್ಕದ ಮನೆಯ ನಾನೂ ಜೊತೆಗಿದ್ದೆ.

“ಏನಪ್ಪಾ, ನಮ್ಮನೇಲಿ ಚಾ ಕುಡ್ದು ನಮ್ಮೆಜಮಾನ್ರನ್ನೇ ಕಳ್ಳ ಮಾಡಿದ್ಯಲ್ಲ?”

“ಅಕ್ಕಾ, ನಾನು ಬರ್ದಿದ್ದೇ ಬೇರೆ. ಠಾಣೆಯವ್ರು ಸಂಜೆ ಕಳ್ಸೋ ಸುದ್ದಿಗೆ ಹೊಂದದೇ ಇದ್ರೆ ಇಲ್ಲಿ ತಿದ್ದಿಬಿಡ್ತಾರೆ.”

“ಅಂದ್ರೆ ಹೊಡ್ದೋನ್ನೇ ಕೇಳಿ ಬರೀತೀರಾ? ಹಾಗಿದ್ರೆ ನಮ್ಮನೆಗ್ಯಾಕೆ ಬಂದೆ, ಬೆನ್ನಿನ ಅಂದ ನೋಡೋಕಾ?”

ಅವನು ಮತ್ತೆ ಲೊಚಗುಟ್ಟಿದ. ಥೂ, ಆ ಮರುಕಕ್ಕಿಂತ ಇನ್‌ಸ್ಪೆಕ್ಟರನ ಲಾಠಿಯೇ ವಾಸಿ. ಅದು ನೆಂಟನ ವೇಷ ಹಾಕಿಕೊಂಡು ಬರುವುದಿಲ್ಲ.

ಬಾಸುಂಡೆ ಮಾಯ್ದಿದೆ. ಆದರೆ ಕಳ್ಳನ ತಲೆಗೆ ಮೂಟೆ ಏರಿಸಲು ಬೇರೆ ಯಾವ ಗೋದಾಮಿನವನೂ ಒಪ್ಪುತ್ತಿಲ್ಲ. ಆ ಪತ್ರಿಕೆ ನಿಮ್ಮ ಮನೆಗೂ ಬರುತ್ತದೆ. ಇವತ್ತೇ ಫೋನ್ ಮಾಡಿ, ಜೋಡಿಮೂಟೆಯ ಮಾತನ್ನು ಅದೇ ಪುಟದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಹಾಕಿ ಎಂದು ಕೇಳಿ. ಹಾಕುವವರೆಗೆ ದುಡ್ಡು ಕೊಟ್ಟು ಅದನ್ನು ಕೊಳ್ಳಬೇಡಿ.