ಅಷ್ಟು ಪರಿಚಯವಿಲ್ಲ ಎಂದ ದಿನ

ಕಳೆದ ತಿಂಗಳು ಸವಣೂರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಯಾರೋ ತಾಟಿನಲ್ಲಿ ಎಲೆ-ಅಡಿಕೆ ತಂದಿಟ್ಟು, ಎಲೆಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದರು. ಆ ವಾಸನೆ... ಹಸಿ ಎಲೆ, ನೀರು, ಹಳೆಯ ಅರಿವೆ ಮೂರೂ ಕೂಡಿದ ವಾಸನೆ. ನಾನು ಎಲೆ ತಿನ್ನುವುದನ್ನು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಕೇಳಿದವರಿಗೆ ಹಲ್ಲಿನ ನೆಪ ಹೇಳುತ್ತೇನೆ. ಹಲ್ಲು ಗಟ್ಟಿಯಾಗಿಯೇ ಇವೆ.

ಆಗ ನನಗೆ ಇಪ್ಪತ್ತೇಳು. ಶಿಗ್ಗಾಂವಿಯ ಮನೆ ಬಿಟ್ಟು ಹಾನಗಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದ್ದೆ. ಬಾಡಿಗೆಗೆ ಹಿಡಿದದ್ದು ಮಾಳಿಗೆಯ ಮೇಲಿನ ಒಂದು ಕೋಣೆ. ರಸ್ತೆಯ ಆಚೆ ಬದಿಗೆ ಎಲೆ ಅಂಗಡಿಯವನು. ಸವಣೂರಿನಿಂದ ಎಲೆ ತರಿಸುತ್ತಿದ್ದ. ದಿನಾ ಬೆಳಿಗ್ಗೆ ಕಟ್ಟು ಬಿಚ್ಚಿ, ಒಂದೊಂದೇ ಎಲೆ ತಿರುವಿ ನೋಡಿ, ಕೊಳೆತದ್ದನ್ನು ತೆಗೆದು, ನೀರು ಚಿಮುಕಿಸಿ ಮತ್ತೆ ಕಟ್ಟುತ್ತಿದ್ದ. ನಾನು ಗಡ್ಡ ಹೆರೆಯುವ ನೆಪದಲ್ಲಿ ಕಿಟಕಿಯಲ್ಲಿ ನಿಂತು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಗಲ್ಲ ಕೊಯ್ದುಕೊಂಡು ಕಚೇರಿಗೆ ಹೋದ ದಿನಗಳೂ ಇದ್ದವು. ಅದನ್ನೆಲ್ಲ ಅವನೂ ಕಂಡಿದ್ದ ಎಂದು ಗೊತ್ತಾದದ್ದು ಆಮೇಲೆ.

ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದೆ. ನಾನು ಗಂಡಸರನ್ನು ಪ್ರೀತಿಸುವ ಗಂಡಸು. ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಅವನಾದ ಮೇಲೆ ಇಬ್ಬರಿದ್ದರು, ಹಾವೇರಿಯಲ್ಲೊಬ್ಬ, ಹುಬ್ಬಳ್ಳಿಯಲ್ಲೊಬ್ಬ. ನೀನು ಏನನ್ನೋ ಮುಚ್ಚಿಡುತ್ತೀ ಎಂದು ಜಗಳವಾಡಿಯೇ ಇಬ್ಬರೂ ಬಿಟ್ಟು ಹೋದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಚ್ಚಿಟ್ಟದ್ದು ಇದನ್ನೇ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಅವನ ಅಂಗಡಿ ಬಂದ್. ಅವನ ತಂಗಿ ಮನೆಯಿಂದ ಊಟದ ಡಬ್ಬಿ ತಂದು ಕೊಟ್ಟು ಹೋಗುತ್ತಿದ್ದಳು. ಅಪ್ಪ ತೀರಿಕೊಂಡಿದ್ದರಿಂದ ಆಕೆಯ ಮದುವೆಯ ಭಾರ ಇವನ ಮೇಲಿತ್ತು. ನಾನು ಕಚೇರಿಯಿಂದ ಊಟದ ಬಿಡುವಿಗೆ ಬಂದ ಮೇಲೆ, ಡಬ್ಬಿ ಹಿಡಿದು ಅವನು ನನ್ನ ಕೋಣೆಗೆ ಬರುತ್ತಿದ್ದ. ಇಬ್ಬರೂ ಕೂಡಿ ಉಣ್ಣುತ್ತಿದ್ದೆವು. ಅದು ಆಕೆಗೂ ಗೊತ್ತಿತ್ತು. "ಸಾಹೇಬ್ರಿಗೆ ಎರಡು ರೊಟ್ಟಿ ಜಾಸ್ತಿ ಹಾಕೇನಿ, ಅವ್ರು ಭಾಳ ಬಡಕ ಅದಾರ" ಎಂದು ಅಣ್ಣನಿಗೆ ಹೇಳುವುದು ಮೇಲಿನವರೆಗೆ ಕೇಳಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ಎದುರು ಅವನಿಗೂ ನಾನು 'ಸಾಹೇಬ್ರ'. ಕೋಣೆಯ ಬಾಗಿಲು ಹಾಕಿದ ಮೇಲೆ 'ನೀ'. ಆ ಒಂದಕ್ಷರ ಕೇಳುವುದಕ್ಕೆಂದೇ ನಾನು ಬೆಳಗಿನಿಂದ ಫೈಲು ಎತ್ತಿಡುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು... ಇಷ್ಟು ಸುಖ ನನ್ನ ಪಾಲಿಗೆ ಮತ್ತೆ ಬರಲಿಲ್ಲ.

ನಮ್ಮ ಕಡೆ ಹೆಣ್ಣಿನ ಮನೆತನ ವಿಚಾರಿಸಲು ಬರುವವರು ಹೇಳಿ ಬರುವುದಿಲ್ಲ. ಹೆಣ್ಣಿನ ಮನೆಯ ಮೆಟ್ಟಿಲು ಹತ್ತುವ ಮೊದಲೇ ಹಿಟ್ಟಿನ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ಎದುರು ಮನೆಯಲ್ಲಿ ಕೇಳಿಕೊಳ್ಳುತ್ತಾರೆ. ಕೆಟ್ಟದ್ದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೂಡಿಬಂದ ಸಂಬಂಧ ಮುರಿದ ಪಾಪ ಯಾರಿಗೆ ಬೇಕು? ಹೇಳಬೇಕೆನಿಸಿದವರು "ನಮಗೆ ಅಷ್ಟು ಪರಿಚಯ ಇಲ್ಲ" ಎಂದುಬಿಡುತ್ತಾರೆ. ಕೇಳಿದವರು ತಿಳಿದುಕೊಂಡು ಎದ್ದು ಹೋಗುತ್ತಾರೆ. ಈ ರೂಢಿ ನನಗೆ ಹೊಸದಲ್ಲ. ಅಪ್ಪನ ಜೊತೆ ಇಂಥ ವಿಚಾರಣೆಗೆ ನಾನೇ ಎರಡು ಊರು ತಿರುಗಿದ್ದೆ. ಒಂದು ಊರಿನಲ್ಲಿ ಆ ಮಾತು ಕೇಳಿ, ಹೆಣ್ಣನ್ನೂ ನೋಡದೆ ವಾಪಸು ಬಂದಿದ್ದೆವು.

ಅವನ ತಂಗಿಗಾಗಿ ಅಂಥವರು ಬಂದ ವಾರವೇ ಕಚೇರಿಯ ಪಕ್ಕದ ಮೇಜಿನವರು ನಗುತ್ತ ಒಂದು ಮಾತು ಎಸೆದಿದ್ದರು. "ಏನ್ರಿ, ನಿಮ್ಮದು ಎಲಿ ಅಂಗಡ್ಯಾಗ ಭಾಳ ಸಲಿಗಿ ಐತಂತಲ್ಲ? ಮಧ್ಯಾಹ್ನ ಬಾಗ್ಲಾ ಹಾಕ್ಕೊಂಡು ಎಲಿ ತಿಂತೀರೇನು?" ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಮೂರು ದಿನ ಏನೋ ಸಬೂಬು ಹೇಳಿ ಅವನನ್ನು ಕೋಣೆಗೆ ಬರಗೊಡಲಿಲ್ಲ. ಡಬ್ಬಿಯಲ್ಲಿ ನನ್ನ ಪಾಲಿನ ರೊಟ್ಟಿ ಮಾತ್ರ ಕೆಳಗಿನ ಮನೆಯವರ ಕೈಯಲ್ಲಿ ಕಳಿಸುತ್ತಿದ್ದ. ತಿನ್ನುತ್ತಿದ್ದೆ.

ನಾಲ್ಕನೆಯ ದಿನ ಹಿರೇಕೆರೂರು ಕಡೆಯ ಇಬ್ಬರು ಹಿರಿಯರು ಕಚೇರಿಗೇ ಬಂದರು. ವರ ಸಾಲಿ ಮಾಸ್ತರ, ಒಳ್ಳೆಯ ಸಂಬಂಧ. ಅವನ ತಂಗಿಯನ್ನು ಯಾವುದೋ ಮದುವೆಯಲ್ಲಿ ನೋಡಿ ಒಪ್ಪಿದ್ದರು. ನೌಕರಿಯವರ ಮಾತಿಗೆ ತೂಕ ಜಾಸ್ತಿಯೆಂದು ಗಿರಣಿಯವರು ನನ್ನ ಹೆಸರು ಹೇಳಿ ಕಳಿಸಿದ್ದರು.

"ಎಲಿ ಅಂಗಡಿಯವ್ರ ಮನಿತನ ಹೆಂಗೈತ್ರಿ? ನೀವು ಅವರಿಗೆ ಭಾಳ ಬೇಕಾದವ್ರು ಅಂತ ಕೇಳಿದ್ವಿ."

ಪಕ್ಕದ ಮೇಜಿನವರ ಪೆನ್ನು ನಿಂತಿತು. ಅದನ್ನು ಕಣ್ಣಂಚಿನಲ್ಲಿ ಕಂಡೆ. 'ಬಂಗಾರದಂಥ ಜನ', ಹೇಳಬೇಕಿದ್ದದ್ದು ಇಷ್ಟೇ ಮಾತು. ಬಾಯಿಂದ ಹೊರಟದ್ದು ಬೇರೆ.

"ಏ, ನನಗ ಅಷ್ಟೇನು ಪರಿಚಯ ಇಲ್ರಿ. ಎಲಿ ಒಯ್ಯಾಕ ಹೋಗಿರ್ತೇನಿ, ಅಷ್ಟ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆತು ಬಿಡ್ರಿ" ಎಂದು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಎದ್ದರು. ಓಡಿ ಹೋಗಿ ಕರೆಯಬಹುದಿತ್ತು. ಬಸ್ ಸ್ಟ್ಯಾಂಡು ಎರಡು ಫರ್ಲಾಂಗು ದೂರ, ಹಿರೇಕೆರೂರು ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಫೈಲು ತೆರೆದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಕೋಣೆಗೆ ಬಂದ. ಕೈಯಲ್ಲಿ ಡಬ್ಬಿ ಇರಲಿಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಹಿರೇಕೆರೂರಿನವ್ರು ನಿಮ್ಮ ಹಂತೇಲಿ ಬಂದಿದ್ರಂತಲ್ರಿ, ಸಾಹೇಬ್ರ?"

ಅಲ್ಲಿ ನಾವಿಬ್ಬರೇ ಇದ್ದೆವು. ಸಾಹೇಬ್ರ ಎಂದ.

"ನನ್ನ ಮ್ಯಾಲೆ ಏನರ ಅಂದಿದ್ರ ನಡೀತಿತ್ತು" ಎಂದ. ದನಿ ಏರಿಸಲಿಲ್ಲ. "ಆಕಿ ಏನ್ ಮಾಡಿದ್ಲರಿ?"

ಇಳಿದು ಹೋದ. ಮಾರನೆಯ ದಿನವೇ ನಾನು ವರ್ಗಾವಣೆಗೆ ಅರ್ಜಿ ಬರೆದೆ. ಎರಡು ತಿಂಗಳಿಗೆ ಆದೇಶ ಬಂತು. ಅವನಿಗೆ ಹೇಳದೆ ಸಾಮಾನು ಕಟ್ಟಿದೆ. ಅಂಗಡಿ ತೆರೆಯುವ ಮೊದಲೇ ಹೊರಡುವ ಬಸ್ಸು ಯಾವುದೆಂದು ಹಿಂದಿನ ದಿನ ಕೇಳಿಕೊಂಡು ಬಂದಿದ್ದೆ. ಎಂಥ ಮುಂದಾಲೋಚನೆ ನನ್ನದು!

ಗೃಹಪ್ರವೇಶದ ಮನೆಯಲ್ಲಿ ನಾನು ಇದನ್ನೆಲ್ಲ ನೆನೆಯುತ್ತ ಕುಳಿತಿರುವಾಗಲೇ ಹೆಂಗಸೊಬ್ಬಳು ಎದುರು ಬಂದು ನಿಂತಳು. ಕೂದಲು ಅರ್ಧ ನೆರೆತಿತ್ತು.

"ಹಾನಗಲ್ಲಾಗ ನಮ್ಮ ಅಂಗಡಿ ಎದುರಿಗೆ ಇದ್ದ ಸಾಹೇಬ್ರಲ್ರಿ ನೀವು?"

ಅವನ ತಂಗಿ. ಸವಣೂರಿಗೇ ಕೊಟ್ಟಿದ್ದರಂತೆ. ಆ ಸಂಬಂಧ ತಪ್ಪಿದ ಮೇಲೆ ಎಂಟು ವರ್ಷ ಯಾವುದೂ ಕೂಡಿ ಬರಲಿಲ್ಲ. ಕಡೆಗೆ ಹೆಂಡತಿ ಸತ್ತ, ಇಬ್ಬರು ಮಕ್ಕಳಿದ್ದವನಿಗೆ ಎರಡನೆಯವಳಾಗಿ ಹೋದಳು. ಇದನ್ನೆಲ್ಲ ಆಕೆ ಬೇಸರವಿಲ್ಲದೆ, ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದಳು. ಆಮೇಲೆ ಕೈ ಮುಗಿದಳು.

"ನಮ್ಮಣ್ಣ ನಿಮ್ಮನ್ನ ಭಾಳ ನೆನಸ್ತಾನ್ರಿ. ಗಂಡಿನವರ ಮುಂದ ನೀವು ನಮ್ಮ ಬಗ್ಗೆ ಅಷ್ಟು ಛಲೋ ಮಾತು ಹೇಳಿದ್ರಂತ. ಅವ್ರಿಗೇ ಮನಸ್ಸಿರಲಿಲ್ಲ ಬಿಡ್ರಿ. ಆದ್ರ ನಿಮ್ಮ ಉಪಕಾರ ನಾವು ಮರ್ತಿಲ್ಲ."

ಅವನು ಮನೆಯಲ್ಲಿ ಹಾಗೆ ಹೇಳಿದ್ದ. ಇಷ್ಟು ವರ್ಷ ಹಾಗೆಯೇ ಹೇಳುತ್ತ ಬಂದಿದ್ದ. ಅಂಗಡಿ ಮಾರಿ ಗೋವಾ ಕಡೆ ಹೋದನಂತೆ, ಮದುವೆ ಆಗಲಿಲ್ಲವಂತೆ. "ಅವನ ನಂಬರ್ ಕೊಡ್ಲೇನ್ರಿ? ಖುಷಿ ಪಡ್ತಾನ" ಎಂದಳು. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದೆ. ಅದು ನನ್ನ ಅಂಗಿಯ ಜೇಬಿನಲ್ಲಿ, ಆಕೆಯ ಕಣ್ಣೆದುರಿಗೇ ಇತ್ತು. ಆಕೆ ಅದನ್ನು ನೋಡಿದಳು.

ಆಕೆಗೆ ಸಿಗಲಿ ಎಂದೇ ಇದನ್ನು ಬರೆದಿದ್ದೇನೆ. ತಂಗೀ, ಅವತ್ತು ನಾನು ಛಲೋ ಮಾತು ಹೇಳಲಿಲ್ಲ. ನಿನ್ನ ಸಂಬಂಧ ಮುರಿದದ್ದು ನನ್ನ ಬಾಯಿ. ನಿಮ್ಮಣ್ಣನ ಪರಿಚಯ ನನಗಿತ್ತು. ಅವನದಷ್ಟು ಪರಿಚಯ ಈ ಜನ್ಮದಲ್ಲಿ ನನಗೆ ಮತ್ತಾರದ್ದೂ ಆಗಲಿಲ್ಲ. ಇಷ್ಟು ಬರೆಯಲು ಒಂದು ತಿಂಗಳು ಹಿಡಿಯಿತು. ನಾಲ್ಕು ಸಲ ಅವನ ಹೆಸರು ಬರೆದೆ. ನಾಲ್ಕು ಸಲವೂ ಹೊಡೆದು ಹಾಕಿ, ಎಲೆ ಅಂಗಡಿಯವನು ಎಂದು ಬರೆದೆ.