ನೈದಿಲೆ ತೊಟ್ಟಿ, ಮರಕುಟಿಗದ ಕೊಂಬೆ

ಮರ ಕಡಿಯುವವನು ಮೊದಲಿಗೆ ನುಗ್ಗೆಯ ಒಣಕೊಂಬೆಗೆ ಹಗ್ಗ ಬಿಗಿದಾಗಿತ್ತು. ಆ ಕೊಂಬೆಯ ಪೊಟರೆಯಲ್ಲಿ ಪುಟ್ಟ ಮರಕುಟಿಗದ ಮರಿಗಳಿದ್ದವು. ಗುಬ್ಬಿಯಷ್ಟೇ ಗಾತ್ರದ, ಕಂದು ನೆತ್ತಿಯ ತಾಯಿಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡು ಎದುರಿನ ಕೇಬಲ್ ವೈರಿನ ಮೇಲೆ ಚಡಪಡಿಸುತ್ತಿತ್ತು.

ಚೆನ್ನೈಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ವಾರ ಎರಡು ದೂರು ಬಂದಿದ್ದವು. ಮಳೆ ಮುಗಿದು ನುಗ್ಗೆಯ ತುಂಬ ಕಂಬಳಿಹುಳು; ಅದರ ಬುಡದಲ್ಲಿ ನನ್ನ ಅತ್ತೆ ಕಟ್ಟಿಸಿದ ಸಿಮೆಂಟ್ ತೊಟ್ಟಿಯಲ್ಲಿ ಸೊಳ್ಳೆ. ತೊಟ್ಟಿಯಲ್ಲಿದ್ದದ್ದು ನೀಲಿ ನೈದಿಲೆ. ಬೆಳಿಗ್ಗೆ ಅದರ ಒಂದು ಹೂವನ್ನು ದೇವರಮನೆಯ ಪೆರುಮಾಳಿಗೆ ಏರಿಸದೆ ಅತ್ತೆ ಕಾಫಿ ಮುಟ್ಟುತ್ತಿರಲಿಲ್ಲ.

"ರೆಂಡುಲ ಒಣ್ಣು ಇನ್ನಿಕ್ಕೇ ಪೋಗಣುಂ, ಮಾಮಿ," ಎಂದು ಅತ್ತೆಗೆ ಹೇಳಿದರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನುಗ್ಗೆಯೋ ತೊಟ್ಟಿಯೋ, ಎರಡರಲ್ಲಿ ಒಂದು ಇವತ್ತೇ ಹೋಗಬೇಕಂತೆ, ಯಾವುದೆಂದು ನಾವೇ ಹೇಳಬೇಕಂತೆ, ಇಲ್ಲದಿದ್ದರೆ ಮರವೇ ಅಂತೆ! ನನಗೆ ಮೈಯೆಲ್ಲ ಉರಿಯಿತು. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನಿಪುಣರಾದ ನನ್ನ ಗಂಡ "ನೋಡೋಣ" ಎಂದು ಫೋನ್ ಹಿಡಿದು ಒಳಗೆ ಹೋದರು.

ಊರಂಚಿನ ಪಳ್ಳಿಕರಣೈ ಜೌಗಿನಲ್ಲಿ ಬೇಸಿಗೆಗೆ ನೀರು ಬತ್ತಿದರೆ ನೈದಿಲೆ ಇದ್ದ ಗುರುತೂ ಉಳಿಯುವುದಿಲ್ಲ. ಮಳೆ ಬಿದ್ದರೆ ಅದೇ ಗೆಡ್ಡೆ ಮತ್ತೆ ಚಿಗುರುತ್ತದೆ. ಹಕ್ಕಿಮರಿಗೆ ಅಂಥ ಗೆಡ್ಡೆ ಎಲ್ಲಿದೆ? ಆದರೆ ಅತ್ತೆಯ ಪೂಜೆಗೆ ಕಲ್ಲು ಹಾಕುವ ಮಾತನ್ನು ಸೊಸೆಯಾದವಳು ಹೇಗೆ ಆಡುವುದು? ಮೇಲೆ ಗರಗಸ ಕೊಂಬೆಗೆ ತಾಗಿತು.

"ನಿರುತ್ತುಪ್ಪಾ!" ಗರಗಸ ನಿಲ್ಲಿಸೆಂದು ಅತ್ತೆ ಕೂಗಿದರು. ಸೀರೆ ಎತ್ತಿಕಟ್ಟಿ ಬಗ್ಗಿದವರೇ ತೊಟ್ಟಿಯ ಬಿರಡೆ ಕಿತ್ತರು. ನೀರೆಲ್ಲ ಹರಿದು, ನಾಳೆ ಅರಳಬೇಕಾಗಿದ್ದ ಮೊಗ್ಗು ಕೆಸರಿಗೆ ಒರಗಿತು.

"ಗೆಡ್ಡೆ ಮಣ್ಣಲ್ಲಿ ಪತ್ರಮಾ, ಭದ್ರವಾಗಿ ಇರತ್ತೆ ಕಣೆ. ಪೆರುಮಾಳ್‌ಗೆ ತುಳಸಿ ಸಾಕು," ಎಂದರು.

ಕಾರ್ಯದರ್ಶಿ ಹಗ್ಗ ಬಿಚ್ಚಿಸಿದರು. ಆದರೆ ಬೆದರಿದ ಹಕ್ಕಿ ಆಗಲೇ ಹಾರಿಹೋಗಿತ್ತು. ಸಂಜೆಯಾದರೂ ಪೊಟರೆಯ ಹತ್ತಿರ ಸುಳಿಯಲಿಲ್ಲ. ಹೂವೂ ಹೋಯಿತು, ಮರಿಗಳೂ ಹೋಗುತ್ತವೇನೋ ಎಂದು ನನಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಬರೀ ತುಳಸಿ ಏರಿಸಿ ಕರ್ಪೂರ ಹಚ್ಚಿದರು. ನಾನು ಗಂಟೆ ಎತ್ತಿದೆ. ಅವರು ಥಟ್ಟನೆ ನನ್ನ ಮಣಿಕಟ್ಟು ಹಿಡಿದರು. ಕಿಟಕಿಯಾಚೆಯಿಂದ ಮರಿಗಳ ಚಿಲಿಪಿಲಿ ಕೇಳುತ್ತಿತ್ತು.

"ಮಣಿ ಬಾರಿಸಬೇಡ ಕಣೆ," ಅತ್ತೆ ಪಿಸುಗುಟ್ಟಿದರು. "ತಾಯಿ ಈಗ ತಾನೆ ಬಂದಿದೆ."

ಗಂಟೆಯಿಲ್ಲದ ಮಂಗಳಾರತಿಯನ್ನು ಆ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು.